ಮಡಿಕೆಯಲ್ಲಿ

ಶುಕ್ರವಾರ ರಾತ್ರಿ ಎಂಟೂವರೆಗೆ
ರೋಹಿದಾಸ ನನ್ನ ಮಂಚ ಅಲುಗಿಸಿದ.
ಕರೆಯಲು ಅವನಿಗಿರುವ ದಾರಿ ಅದೊಂದೇ.
ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ:
ಒಂದು ಚೌಕದಲ್ಲಿ ಮೂಲ್ಕಿಯ ಶಾಂಭವಿ,
ಅಲ್ಲಿ ಆಗಲೇ ಹನ್ನೊಂದು, ಕಣ್ಣು ಕಿರಿದು ಮಾಡಿ ಕಾಯುತ್ತಿದ್ದಾಳೆ;
ಅವನಿರಬೇಕಾದ ಚೌಕದಲ್ಲಿ ಬರೀ ಕಪ್ಪು.

ನನ್ನದು ಕೋಲ್ಡ್ ಸ್ಟೋರಿನ ಗಲ್ಲಾ.
ಬಿಲ್ಲಿನ ಯಂತ್ರ ಕೆಟ್ಟರೆ ಎರಡು ಏಟು ಹಾಕಿ ಸರಿಮಾಡುವವನು;
ಮನಾಮಾದ ಈ ಐದನೇ ಮಾಳಿಗೆಯಲ್ಲಿ
ಆರು ಮಂಚದ ಕೋಣೆಗೆ ನಾನೇ ಇಂಜಿನಿಯರು.

ಮೊದಲು ಆರಿಸಿ ಮತ್ತೆ ಹಚ್ಚಿದೆ.
ಕ್ಯಾಮೆರಾದ ಚಿತ್ರಕ್ಕೆ ಗೀಟೆಳೆದ ಕೀಲಿ ಒತ್ತಿದೆ, ಇನ್ನೊಮ್ಮೆ ಒತ್ತಿದೆ.
ಅಂಟೇನಾದರೂ ಕೂತಿದೆಯೋ ಎಂದು ಉಗುರಲ್ಲಿ ಕೆರೆದೆ.
ಸೆಟ್ಟಿಂಗ್ಸಿಗೆ ಹೋದರೆ ಕೇಳುತ್ತದೆ,
ಈ ಆ್ಯಪ್ ನಿಮ್ಮನ್ನು ನೋಡಬಹುದೇ?
ನೋಡಲಿ ಅಂತಲೇ ಅಲ್ಲವಾ ಮಾರಾಯ.
ಡ್ರೈವರ್ ಕಿತ್ತು, ಮತ್ತೆ ಹಾಕಿ,
ನೀಲಿ ಚುಕ್ಕಿಗಳು ಸುತ್ತುವುದನ್ನು ಇಪ್ಪತ್ತು ನಿಮಿಷ ನೋಡಿದೆವು.
ಕ್ಯಾಮೆರಾ ಸಿಗಲಿಲ್ಲ, ಎಂದಿತು.
ಅಲ್ಲೇ ಇದೆ, ಕಣ್ಣೆದುರಿಗೆ, ಎಳ್ಳಿನಷ್ಟು.

ಫೋನಿನಲ್ಲಿ ಮಾತಾಡಬಾರದೇ ಎಂದೆ,
ನನಗೆ ಬರುವ ಹರಕು ಸನ್ನೆಯಲ್ಲಿ.
ಅವನು ಎಡಗೈಯಲ್ಲಿ ಫೋನು ಹಿಡಿದ,
ಬಲಗೈಯೊಂದನ್ನೇ ಆಡಿಸಿದ,
ನಡುವೆ ನಿಲ್ಲಿಸಿ ನನ್ನತ್ತ ನೋಡಿದ.
ಅರ್ಧ ನಾಲಗೆ.
ಉಪ್ಪಿನಕಾಯಿ ಬಾಟಲಿಗೆ ಆನಿಸಿಟ್ಟೆವು; ಜಾರಿ ಬಿತ್ತು.
ಅದರಲ್ಲಿ ಅವಳ ಬೆರಳು ಅಕ್ಕಿಕಾಳಿನಷ್ಟೂ ಇಲ್ಲ.

ಆಮೇಲೆ ಪರದೆಯ ಅಂಚನ್ನು ಹೆಬ್ಬೆರಳಲ್ಲಿ ಒತ್ತುತ್ತ ಬಂದೆ,
ಮಾವಿನಹಣ್ಣು ಒತ್ತಿ ನೋಡುವ ಹಾಗೆ.
ಬಿಜಾಗರಿಯ ಹತ್ತಿರ
ಸಣ್ಣ ದೀಪ ಮಿಣಕ್ಕೆಂದು ಹೋಯಿತು.
ಒಳಗೊಂದು ತಂತಿಯ ಪಟ್ಟಿ ಉಂಟು,
ದಿನಾ ತೆರೆದು ಮುಚ್ಚಿ, ತೆರೆದು ಮುಚ್ಚಿ...
ಹೇಗೆ ಹೇಳುವುದೆಂದು ನಾನು ತಡವರಿಸುವಾಗ
ಅವನು ಹೊಲಿಯಲು ತಂದ ಹಳೆ ತೋಬ್ ಎತ್ತಿಕೊಂಡು
ತೋಳು ಮಡಿಚುವಲ್ಲಿ ಬೆರಳಿಟ್ಟ.
ಸವೆಯುವುದು ಮಡಿಕೆಯಲ್ಲಿ.
ಹದಿನೇಳು ವರ್ಷದ ದರ್ಜಿಗೆ ನಾನು ಹೇಳಿಕೊಡುವುದೇನು.

ಮುಚ್ಚಳವನ್ನು ನಿಧಾನ ಹಿಂದಕ್ಕೆ, ಮುಂದಕ್ಕೆ.
ಮುಂದೆ ಬಾಗಿದ ಒಂದು ಕೋನದಲ್ಲಿ ದೀಪ ನಿಂತಿತು.
ಉಸಿರು ಕಟ್ಟಿ ಹಿಡಿದುಕೊಂಡೆ,
ಅವನು ಬಿಳಿ ದಾರ ತಂದು ಬಿಗಿದು ಕಟ್ಟುವ ತನಕ.
ಚೌಕ ಬೆಳಗಿತು: ಅಂಗಿಯ ಗುಂಡಿ, ಎರಡು ಕೈ.
ತಲೆ ಇಲ್ಲ.

ಕೈ ಕಂಡರೆ ಸಾಕಲ್ಲ ಎಂದುಕೊಂಡಿದ್ದೆ.
ಶಾಂಭವಿ ತಲೆಯಾಡಿಸಿದಳು.
ಅವನು ಅದನ್ನೇ ಮತ್ತೊಮ್ಮೆ ಆಡಿದ.
ಅವಳು ತನ್ನ ಹುಬ್ಬು ಮುಟ್ಟಿ ತೋರಿಸಿದಳು.
ಐದು ವರ್ಷ ಒಂದೇ ಕೋಣೆಯಲ್ಲಿದ್ದು ಆಗ ತಿಳಿಯಿತು,
ಮಗಳ ಜ್ವರ ಬಿಟ್ಟಿದೆ ಎನ್ನುವುದಕ್ಕೂ
ಮಗಳ ಜ್ವರ ಬಿಟ್ಟಿದೆಯಾ ಎನ್ನುವುದಕ್ಕೂ
ಕೈ ಒಂದೇ;
ಪ್ರಶ್ನೆ ಇರುವುದು ಹುಬ್ಬಿನಲ್ಲಿ.

ಅವನು ಕುರ್ಚಿಯಿಂದಿಳಿದು ನೆಲದಲ್ಲಿ ಕೂತ,
ಎರಡು ಮಂಚದ ನಡುವೆ, ಚಪ್ಪಲಿಗಳ ಮಧ್ಯೆ.
ಮುಖ ಬಂತು. ಹುಬ್ಬು ಬಂತು.
ನಸುಕಿನ ಪಾಳಿಯ ಇಬ್ಬರು
ಕಣ್ಣಿಗೆ ಟವೆಲ್ ಎಳೆದುಕೊಂಡು ಮಗ್ಗುಲಾದರು.
ನಾವೆಲ್ಲ ಕತ್ತಲಲ್ಲೂ ಊರಿಗೆ ಮಾತಾಡಿಕೊಳ್ಳುತ್ತೇವೆ,
ಅವನಿಗೆ ಟ್ಯೂಬ್‌ಲೈಟ್ ಬೇಕು; ಆ ಜಗಳ ಹಳೆಯದು.
ಇವತ್ತು ಯಾರೂ ಗೊಣಗಲಿಲ್ಲ,
ಅಥವಾ ಗೊಣಗಿದ್ದು ನನಗೂ ಕೇಳಲಿಲ್ಲ.

ಹೊಸ ಪಟ್ಟಿಗೆ ನಾಲ್ಕು ದಿನಾರು ಅಂತೆ. ಸಂಬಳ ಆಗಲಿ ಎಂದಿದ್ದಾನೆ.
ಅಷ್ಟರಲ್ಲಿ ನನ್ನ ಹೆಸರು ಬದಲಾಗಿದೆ.
ಮೊದಲು ಅವರಿಬ್ಬರ ಮಾತಿನಲ್ಲಿ ನಾನೆಂದರೆ
ಮುಷ್ಟಿಗಳನ್ನು ಎದೆಗೊತ್ತಿ ನಡುಗುವುದು, ಕೋಲ್ಡ್ ಸ್ಟೋರಿನವ.
ಅಲ್ಲೇನೂ ಚಳಿಯಿಲ್ಲ, ಫ್ರಿಜ್ಜಿನ ಬೆನ್ನಿಗೆ ಕೂತವನಿಗೆ ಸೆಕೆಯೇ,
ಅಷ್ಟನ್ನು ಹೇಳಲು ನನಗೆ ಬರುತ್ತಿರಲಿಲ್ಲ.
ಈಗ ಅವಳು ನನ್ನ ಸುದ್ದಿ ಕೇಳುವಾಗ
ಅಂಗೈಯನ್ನು ನೆಟ್ಟಗೆ ನಿಲ್ಲಿಸಿ
ಚೂರು ಮುಂದಕ್ಕೆ ಬಾಗಿಸಿ
ಅಲ್ಲೇ ಹಿಡಿದಿರುತ್ತಾಳೆ,
ಹುಬ್ಬು ಏರಿಸಿ.