ಹರಾಜು ಮುಗಿದ ಮೇಲೆ

ಚಿಕ್ಕಬಳ್ಳಾಪುರದಿಂದ ಸುತ್ತೋಲೆ ಬಂತು:
ಮಿತಿಮೀರಿದ ತೂಕದ ಸಿಬ್ಬಂದಿಗೆ ತೊಂಬತ್ತು ದಿನದ ಕಾರ್ಯಕ್ರಮ,
ಹೆಸರು ‘ಹಗುರ ಹೆಜ್ಜೆ’.
ಹೆಚ್ಚು ಇಳಿದವರಿಗೆ ಐದು ಲೀಟರಿನ ಕುಕ್ಕರು.
ಪಟ್ಟಿಯಲ್ಲಿ ಏಳು ಜನ, ಮೊದಲ ಹೆಸರು ನನ್ನದು.
ಅಕಾರಾದಿ ಇರಬೇಕು ಅಂದುಕೊಂಡೆ.
ನನ್ನ ಹೆಸರು ವೆಂಕಟರವಣಪ್ಪ.

ತೂಕದ ಯಂತ್ರಕ್ಕೆ ಅನುದಾನವಿರಲಿಲ್ಲ.
ಗೂಡಿನ ಕಾಟಾ ಇದೆಯಲ್ಲ, ಅಂದರು ಸಾಹೇಬರು,
ಹತ್ತು ಗ್ರಾಮೂ ಸುಳ್ಳು ಹೇಳದು.
ನಿಜ. ಶಿಡ್ಲಘಟ್ಟದ ಈ ಶೆಡ್ಡಿನಲ್ಲಿ
ಇಪ್ಪತ್ತಾರು ವರ್ಷ ಅದರ ಪಕ್ಕ ನಿಂತವನು ನಾನೇ,
ಜಾಲರಿಯ ತೂಕ ಕಳೆದು, ಲಾಟು ನಂಬರು ಕೂಗಿ, ಚೀಟಿ ಬರೆದವನು.
ಅದರ ಕೆಂಪು ಅಂಕಿ ಹೊರಮುಖ.
ಬೆಳೆದವನಿಗೂ ಕಾಣಬೇಕು, ಕೊಳ್ಳುವವನಿಗೂ ಕಾಣಬೇಕು,
ಅದು ನಿಯಮ.

ಸೋಮವಾರ ಚಪ್ಪಲಿ ಬಿಟ್ಟು, ಬೀಗದ ಗೊಂಚಲು ಬಿಟ್ಟು,
ಉಡಿದಾರದ ಬೆಳ್ಳಿಯನ್ನೂ ಬಿಚ್ಚಲೇ ಅಂತ ಯೋಚಿಸಿ
ಹತ್ತಿದೆ. ತೊಂಬತ್ತಾರು ಕೇಜಿ ಮುನ್ನೂರ ನಲವತ್ತು.
ಕೂಗುವ ಕೆಲಸ ನನ್ನದೇ, ಹಾಗಾಗಿ ಕೂಗಿದವರಿಲ್ಲ,
ಆದರೂ ಇಡೀ ಶೆಡ್ಡು ಓದಿತು.
‘ರೇಟೆಂತ?’ ಅಂದ ಒಬ್ಬ ರೈತ.
‘ತೇವ ಜಾಸ್ತಿ, ಎರಡು ಕೇಜಿ ಮುರಕೊಳ್ಳಿ’ ಅಂದ ರೀಲರ್ ಅಮಾನುಲ್ಲಾ.
ಎಲ್ಲ ನಕ್ಕರು. ನಾನೂ ನಕ್ಕೆ, ಹೊಟ್ಟೆ ಕುಣಿಯಿತು,
ಅಂಕಿ ಒಂದು ಗಳಿಗೆ ಅಲುಗಾಡಿ
ಮತ್ತೆ ಅಲ್ಲೇ ಬಂದು ನಿಂತಿತು.

ಮುಂದಿನ ವಾರ, ಹರಾಜು ಮುಗಿದ ಮೇಲೆ,
ಅಂಕಿಯನ್ನು ಗೋಡೆಗೆ ತಿರುಗಿಸಿದೆ.
ಸ್ಕ್ರೂ ತುಕ್ಕು ಹಿಡಿದಿತ್ತು. ಯಾರೂ ತಿರುಗಿಸಿರಲಿಲ್ಲ, ಅಷ್ಟು ವರ್ಷ.

ಡಯಟ್ ಹೇಳಿಕೊಡುವ ಹುಡುಗಿ ಬಂದಳು.
ಮುದ್ದೆ ಒಂದೇ, ಅಂಗೈಯಷ್ಟು, ಅಂತ ತನ್ನ ಅಂಗೈ ತೋರಿಸಿದಳು,
ಹಿಪ್ಪುನೇರಳೆಯ ಚಿಗುರೆಲೆ ಅದು.
ಮನೆಯಲ್ಲಿ ಹೆಂಡತಿ ನನ್ನ ಅಂಗೈ ಹಿಡಿದು ಅಳತೆ ತೆಗೆದುಕೊಂಡಳು.
ಅವಳಿಗೆ ಕರುಣೆ ಉಂಟು.

ಹುಳ ನಾಲ್ಕು ಜ್ವರ ದಾಟಿ
ಹಗಲೂ ರಾತ್ರಿಯೂ ಪಕ್ಕದ ಮನೆಗೆ ಕೇಳುವ ಹಾಗೆ ತಿನ್ನುತ್ತದೆ.
ಅದಕ್ಕೆ ಯಾರೂ ಸುತ್ತೋಲೆ ಕಳಿಸುವುದಿಲ್ಲ.
ಹಣ್ಣಾದ ದಿನ ತಾನಾಗಿ ಬಾಯಿ ಕಟ್ಟುತ್ತದೆ.
ನನಗೆ ಐವತ್ತೇಳು. ಇನ್ನೂ ಹಣ್ಣಾಗಿಲ್ಲ.

ಇಳಿದವಳು ಮುನಿನಂಜಮ್ಮ, ಕಸ ಗುಡಿಸುವವಳು.
ಎಂಬತ್ತೆರಡರಿಂದ ಎಪ್ಪತ್ತೊಂಬತ್ತು, ಎಪ್ಪತ್ತೈದು,
ಒಂದೊಂದು ಸೋಮವಾರವೂ ಚಪ್ಪಾಳೆ.
ಬಳೆ ಮೊಣಕೈತನಕ ಜಾರುತ್ತಿತ್ತು.
ಗುಟ್ಟೇನು ಅಂತ ಎಲ್ಲರೂ ಕೇಳಿದರು.
‘ಏನಿಲ್ಲ ಸಾರ್, ನೀರು ಕುಡೀತೀನಿ,
ರಾತ್ರಿಯೆಲ್ಲ ಕುಡೀತೀನಿ, ಎಷ್ಟು ಕುಡಿದರೂ ಸಾಲಾಕಿಲ್ಲ.’
‘ನೋಡಿ, ನೀರಿನ ಮಹಿಮೆ’ ಅಂದಳು ಡಯಟ್ ಹುಡುಗಿ.
ನಾನು ಬರೆದುಕೊಂಡೆ: ಎಪ್ಪತ್ತೊಂದು ಕೇಜಿ ಆರುನೂರ ಇಪ್ಪತ್ತು.

ಗೂಡನ್ನು ಕಿವಿಯ ಹತ್ತಿರ ಅಲುಗಿಸುತ್ತೇವೆ ನಾವು.
ಒಳಗೆ ಜೀವವಿದ್ದರೆ ಟಕಟಕ ಅನ್ನುತ್ತದೆ,
ಕರಗಿದ್ದರೆ ಸುಮ್ಮನಿರುತ್ತದೆ, ಹೊರಗೆ ಎಷ್ಟೇ ಬೆಳ್ಳಗಿರಲಿ.
ಮನುಷ್ಯರನ್ನು ಅಲುಗಿಸುವ ಹಾಗಿಲ್ಲ,
ಹೆಂಗಿದ್ದೀಯಮ್ಮ ಅಂತ ಕೇಳಬೇಕು.
ಹತ್ತು ವಾರ ಕೇಳಲಿಲ್ಲ.
ಹನ್ನೊಂದನೇ ವಾರ ಅವಳು ಪೊರಕೆ ಕೈಬಿಟ್ಟು
ಕಾಟಾದ ಕಂಬ ತಬ್ಬಿ ಕುಸಿದಳು,
ಅಂಕಿ ಗೋಡೆಯ ಕಡೆ ಮುಖ ಮಾಡಿ ಏನೋ ತೋರಿಸುತ್ತಿತ್ತು.

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದ ಚೀಟಿ ನೋಡಿ ಡಾಕ್ಟರು ಕೇಳಿದರು:
ಸಕ್ಕರೆ ಈ ಮಟ್ಟಕ್ಕೆ ಹೋಗಿದೆ, ತೂಕ ಯಾವಾಗಿನಿಂದ ಇಳೀತಿದೆ?
ಮುನಿನಂಜಮ್ಮ ನನ್ನ ಮುಖ ನೋಡಿದಳು.
ಕಂಕುಳಿಂದ ರಿಜಿಸ್ಟರು ತೆಗೆದುಕೊಟ್ಟೆ.
ಹತ್ತು ಸೋಮವಾರ, ಗ್ರಾಮಿನ ಸಮೇತ, ಗುಂಡು ಗುಂಡಗೆ.
ಅವರು ಬೆರಳಿಟ್ಟು ಒಂದೊಂದೇ ಸಾಲು ಇಳಿದರು.
‘ಎಷ್ಟು ನೀಟಾಗಿದೆ. ಬರೆದವರು ಯಾರು?’
ಫ್ಯಾನು ತಿರುಗುತ್ತಿತ್ತು.
ನಾನು ಹೇಳಲಿಲ್ಲ.

ಕುಕ್ಕರು ಅವಳಿಗೇ ಬಂತು.
ಅದರಲ್ಲಿ ಏನೇನು ಬೇಯಿಸಬಾರದು ಅಂತ
ಆಸ್ಪತ್ರೆಯವರು ಒಂದು ಚೀಟಿ ಕೊಟ್ಟಿದ್ದಾರೆ,
ಓದಿ ಹೇಳಿ ಅಂತ ದಿನಾ ನನ್ನ ಹತ್ತಿರ ತರುತ್ತಾಳೆ.