ಎರಡಿಂಚು ಒಳಮಡಿಕೆ

ಶ್ರೀರಾಂಪುರದ ಪಾಲಿಕೆ ಶಾಲೆಯ ಗೇಟಿಗೆದುರು
ನನ್ನ ಹೊಲಿಗೆ ಮಿಷನ್ನು.
ಹತ್ತೊಂಬತ್ತು ವರ್ಷ. ಅಷ್ಟರಲ್ಲಿ ಶಾಲೆ ಗೋಡೆಗೆ ನಾಲ್ಕು ಬಣ್ಣ,
ಬಣ್ಣಕ್ಕೊಬ್ಬರು ಸಾಹೇಬರು.

ಈ ಸಲ ಬಂದವರು ಹೆಂಗಸು.
ಕಾರಿಳಿದವರೇ ಹುಡುಗಿಯರ ಶೌಚಾಲಯಕ್ಕೆ ಹೋಗಿ
ಚಿಲಕವಿಲ್ಲದ ಬಾಗಿಲನ್ನು ಎರಡು ಸಲ ಎಳೆದು ನೋಡಿದರಂತೆ.
ಸಂಜೆಯೊಳಗೆ ಬೀದಿಯಲ್ಲಿ ಎರಡು ಪಕ್ಷ.

"ಖಡಕ್ ಮೇಡಂ, ಮೇಷ್ಟ್ರುಗಳ ಬೆವರಿಳಿಸ್ತಾರೆ" ಅಂದ
ಟೀ ಅಂಗಡಿ ಪೊನ್ನುಸ್ವಾಮಿ.
"ಫೋಟೋಗೆ ಬಂದೋರು, ಆರು ತಿಂಗಳು ನೋಡಿ" ಅಂದ
ಗುಂಡಿ ಹಾಕಿಸಲು ಬಂದ ಬೆಸ್ಕಾಂ ಲೈನ್‌ಮನ್.
"ಕನ್ನಡ ಮೀಡಿಯಂ ಇಟ್ಕೊಂಡು ಯಾವ ದೇವ್ರು ಬಂದ್ರೂ ಅಷ್ಟೆ."
ಇದನ್ನಂದಾಕೆ ಕನ್ನಡದಲ್ಲೇ ಅಂದಳು,
ಮಗಳ ಕಾನ್ವೆಂಟಿನ ಟೈ ನನ್ನ ಮೇಜಿನ ಮೇಲಿಟ್ಟು.

ನಿಮಗೇನನ್ಸುತ್ತೆ ಅಕ್ಕಾ, ಅಂತ ನನ್ನನ್ನೂ ಕೇಳಿದರು.
ಬಾಯಲ್ಲಿ ಗುಂಡುಸೂಜಿಯಿತ್ತು.
ಈ ಕಸುಬಿನಲ್ಲಿ ಅದೊಂದು ಅನುಕೂಲ.

ನನಗೆ ಗೊತ್ತಿರುವುದು ಅಳತೆ ಪುಸ್ತಕ.
ಮೊದಲ ಜೂನ್‌ನಲ್ಲಿ ನೂರಾ ಹನ್ನೆರಡು ಹೆಸರು,
ಹೋದ ಜೂನ್‌ನಲ್ಲಿ ಮೂವತ್ತೇಳು.
ನಡುವೆ ಬಂದುಹೋದ ಯೋಜನೆಯೊಂದರ ಬ್ಯಾನರನ್ನು
ಇಸ್ಕೊಂಡು ಮಿಷನ್ನಿಗೆ ಹೊದಿಸಿದ್ದೇನೆ, ಮಳೆಗೆ ಒಳ್ಳೆಯದು.
ಅದರ ಮೇಲೆ ನಗುವ ಹುಡುಗ ನಮ್ಮ ಬೀದಿಯವನಲ್ಲ.

ಇನ್ನೊಂದು ಹೇಳಿಬಿಡುತ್ತೇನೆ.
ನನ್ನ ಮಗನನ್ನು ನಾನು ಈ ಗೇಟು ದಾಟಿಸಲಿಲ್ಲ.
ಬಳೆ ಅಡವಿಟ್ಟು, ಎರಡು ಬಸ್ಸಿನಾಚೆಯ ಶಾಲೆಗೆ ಹಾಕಿದೆ.
ಅವನ ಸಮವಸ್ತ್ರ ನಾನು ಹೊಲಿಯುವ ಹಾಗಿರಲಿಲ್ಲ,
ಅವರ ಅಂಗಡಿಯಲ್ಲೇ ಕೊಳ್ಳಬೇಕಿತ್ತು.
ಅಭಿಪ್ರಾಯ ಅಂದರೆ ಅದೇ ಇರಬೇಕು,
ಬಾಯಲ್ಲಿ ಸೂಜಿಯಿದ್ದರೂ ಹೊರಬಂದದ್ದು.

ಅರ್ಕೇಶ ಮೇಷ್ಟ್ರು ಯಾವ ಪಕ್ಷವೂ ಅಲ್ಲ.
ಮೂರು ತರಗತಿ ಒಂದೇ ಕೋಣೆ, ಮೇಲೆ ಮತದಾರರ ಪಟ್ಟಿ.
ಕಂಕುಳು ಬಿಚ್ಚಿದ ಅಂಗಿ ಹೊಲಿಸಿಕೊಂಡು
ಹೊರಡುವಾಗ "ಚಿಲಕ ಹಾಕ್ಸಿದ್ರು" ಅಂದರು,
ಕೋರ್ಟಿನಲ್ಲಿ ಸಾಕ್ಷಿ ನುಡಿಯುವವರ ಹಾಗೆ.

ಮೇಡಂಗೆ ವರ್ಗವಾಯಿತು, ಆಯುಧಪೂಜೆಗೂ ಮುಂಚೆ.
"ನಾನ್ ಹೇಳ್ಲಿಲ್ವಾ?" ಅಂದವು ಎರಡೂ ಪಕ್ಷ.

ನಿನ್ನೆ ಜೈನಬಿ ಬಂದಳು, ಐದನೇ ಕ್ಲಾಸು,
ಹೋದ ವರ್ಷದ್ದೇ ಲಂಗ, ಮೊಣಕಾಲಿಗೇರಿದೆ.
ಬೆಳೆಯೋ ಮಕ್ಕಳಿಗೆ ಎರಡಿಂಚು ಒಳಗೆ ಮಡಿಸಿಟ್ಟಿರುತ್ತೇನೆ,
ಹೊಲಿಗೆ ಬಿಚ್ಚಿದೆ.
ಒಳಗೆ ಬಟ್ಟೆ ಇನ್ನೂ ಕಡುನೀಲಿ.

"ಹೊಸ ಸಾಹೇಬ್ರು ಬಂದ್ರೆ ಕಲರ್ ಬದಲಾಗುತ್ತಾ ಆಂಟಿ?"
ಗೊತ್ತಿಲ್ಲ ಕಣೇ. ಆ ಚಿಲಕ ಇದೆಯಾ ಇನ್ನೂ?
"ಇದೆ. ಸ್ವಲ್ಪ ಬಿಗಿ.
ಬಾಗಿಲು ಎತ್ತಿ ಹಾಕ್ಬೇಕು."