ಪೆನ್ಸಿಲ್ಲಿನಲ್ಲಿ ತಿದ್ದಿದ್ದು

ಮೊದಲು ಪಿಯುಸಿ ಹುಡುಗರ ಮೇಲೆ ಅನುಮಾನಪಟ್ಟೆ.
ಅರಸೀಕೆರೆಯ ಈ ಗ್ರಂಥಾಲಯದಲ್ಲಿ
ಪುಸ್ತಕದ ಮೇಲೆ ಬರೆಯುವವರು ಅವರೇ,
ಹೃದಯ, ಬಾಣ, ಒಂದು ಇನಿಷಿಯಲ್.
ಇದು ಬೇರೆ.
ಯುದ್ಧದ ಕತೆಗಳ ಪುಸ್ತಕ, ಪುಟ ಹದಿನಾಲ್ಕು:
‘ಹಿಮ’ ಹೊಡೆದು ‘ಮರಳು’ ಅಂತ,
‘ದೇವದಾರು’ ಹೊಡೆದು ‘ತಾಳೆ’ ಅಂತ,
ಸೀಸದ ಕಡ್ಡಿಯಲ್ಲಿ, ದುಂಡಗೆ,
ನಾಲ್ಕನೇ ಕ್ಲಾಸಿಗೇ ನಿಂತುಹೋದ ಅಕ್ಷರ.

ಹಾರನಹಳ್ಳಿ ಬಸ್ಸಿನಲ್ಲಿ ಶನಿವಾರ ಬರುವ
ಹವಾಲ್ದಾರ್ ಮರುಳಯ್ಯ.
ಎಡಗಿವಿ ಕೇಳಿಸದು, ಪೆನ್ಸಿಲ್ ಸಿಕ್ಕಿಸುವುದು ಅಲ್ಲೇ.
ಖಾಲಿ ಬಿದ್ದಿರೋ ಜಾಗ ಕಣಮ್ಮ, ಅನ್ನುತ್ತಾರೆ.
ಗೂಡ್ಸ್ ಗಾಡಿ ಹಾದಾಗ ಕಿಟಕಿಯ ಗಾಜು ಅದುರುತ್ತದೆ,
ನಾವೆಲ್ಲ ತಲೆ ಎತ್ತುತ್ತೇವೆ,
ಅವರು ಪುಟದ ಮೇಲೆ ಅಂಗೈ ಊರಿ ಹಿಡಿದುಕೊಳ್ಳುತ್ತಾರೆ.

ಒಮ್ಮೆ ಕೇಳಿದ್ದರು, ನಮ್ಮ ಯುದ್ಧದ ಕತೆ ಇಲ್ವಾ?
ಯಾವ ಯುದ್ಧ, ಅಂದೆ.
ಎಂಬತ್ತೇಳು. ಸಮುದ್ರದ ಆಚೆ.
ಶಾಂತಿ ಕಾಯೋಕೆ ಅಂತ ಕಳಿಸಿದ್ರು.
ಹುಡುಕಿದೆ. ಅರವತ್ತೆರಡು ಇತ್ತು, ಎಪ್ಪತ್ತೊಂದು ಇತ್ತು,
ಕಾರ್ಗಿಲ್ ಒಂದು ಹಲಗೆಯ ತುಂಬ.
ಅದು ಇರಲಿಲ್ಲ.

ಪುಸ್ತಕ ಕೆಡಿಸಿದರೆ ದಂಡ, ಗೋಡೆಯ ಮೇಲೇ ಇದೆ.
ಹೇಳಿಬಿಡೋಣವೆಂದು ಎರಡು ಸಲ ಕುರ್ಚಿ ಬಿಟ್ಟು ಎದ್ದೆ.
ಮೂರನೇ ಸಲ, ಬಾಗಿಲು ಹಾಕಿಕೊಂಡು ಕೂತು ಓದಿದೆ,
ಏಳು ಪುಸ್ತಕ, ಅಚ್ಚಾದದ್ದನ್ನೆಲ್ಲ ದಾಟಿ
ಬರೀ ಪೆನ್ಸಿಲ್.

ಅಲ್ಲಿ ಒಬ್ಬನಿದ್ದ. ಬಾಣಾವರದ ಈರೇಶ.
ಬಲದೇವನನ್ನು ಹೊಡೆದು ಈರೇಶ,
ಒಬ್ಬ ಕ್ಯಾಪ್ಟನ್ನನ್ನು ಹೊಡೆದು ಈರೇಶ,
ಸಾಯುವವರೆಲ್ಲ ಅವನೇ.
‘ಅಮ್ಮಾ ಎಂದು ಚೀರಿದ’, ಪಕ್ಕದಲ್ಲಿ:
ಇಲ್ಲ. ಟೈಮ್ ಎಷ್ಟು ಅಂತ ಕೇಳಿದ.
‘ಶತ್ರು’ ಬಂದಲ್ಲೆಲ್ಲ ಒಂದು ಗೆರೆ, ಮೇಲೆ: ಹುಡುಗ.
ಒಂದು ಕಡೆ ಮಾತ್ರ: ಹುಡುಗಿ. ಜಡೆ ಇತ್ತು.
ಗಂಡ ದಂಡಿನಿಂದ ಹಿಂತಿರುಗುವ ಕತೆಯಲ್ಲಿ
‘ಹೆಜ್ಜೆಯ ಸಪ್ಪಳದಲ್ಲೇ ಅವಳು ಗುರುತು ಹಿಡಿದಳು’,
ಅದರ ಪಕ್ಕ ಏನೂ ಬರೆದಿಲ್ಲ,
ಮೊನೆ ಒತ್ತಿ ಒತ್ತಿ ಕಾಗದ ತೂತಾಗಿದೆ.

ಆದರೆ ಸಾವು ಒಂದಕ್ಕೊಂದು ತಾಳೆಯಾಗದು.
ಮೂರನೇ ಪುಸ್ತಕದಲ್ಲಿ ಈರೇಶ ಬಾವಿಯಲ್ಲಿ ನೀರು ಸೇದುತ್ತಿದ್ದ,
ಐದರಲ್ಲಿ ರೈಲು ಹಳಿಯ ಪಕ್ಕ ಮಲಗಿದ್ದ,
ಆರರಲ್ಲಿ ಸೈಕಲ್ಲಿನಲ್ಲಿ ಯಾರೋ ಬಂದರು.
ಒಂದರಲ್ಲಿ, ‘ನಾನೇ ಕಳಿಸಿದೆ.’
ಇನ್ನೊಂದರಲ್ಲಿ, ‘ಅವನೇ ಹೋಗ್ತೀನಂದ.’

ಬಲಗಿವಿಯ ಕಡೆ ಬಗ್ಗಿ ಕೇಳಿದೆ,
ಇದರಲ್ಲಿ ಯಾವುದು ಸರಿ?
ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.
ಅದನ್ನೇ ನೋಡ್ತಾ ಇವ್ನಿ ಕಣಮ್ಮ,
ಒಂದೊಂದು ಕತೆಯೊಳಗೂ ಅವನನ್ನ ಕೂರಿಸಿ.
ಮೊದಮೊದಲು ಗೊತ್ತಿತ್ತು.

ಮಾರ್ಚಿನಲ್ಲಿ ಹಾಸನದಿಂದ ತಪಾಸಣೆ,
ಹಾಳಾದ ಪುಸ್ತಕ ರದ್ದಿಗೆ.
ರಿಜಿಸ್ಟರಿನಲ್ಲಿ ಏಳರ ಮುಂದೆ ‘ಕಳೆದಿದೆ’ ಎಂದು ಬರೆದೆ,
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸುಳ್ಳು,
ಎರಡನೆಯದೂ ಇರಬಹುದು.
ದುಡ್ಡು ಕಟ್ಟಿ, ನನ್ನ ಹೆಸರಿಗೆ ನಾನೇ ರಸೀದಿ ಹರಿದುಕೊಂಡೆ.
ಈಗ ಅವು ನಮ್ಮ ಮನೆಯಲ್ಲಿ,
ರಾಗಿಹಿಟ್ಟಿನ ಡಬ್ಬದ ಮೇಲಿನ ಗೂಡಿನಲ್ಲಿ.

ಮುಂದಿನ ಶನಿವಾರ ಕಪಾಟಿನ ಸಂದಿಗೆ ಕೈ ಹಾಕಿ ನಿಂತರು,
ಬಿದ್ದ ಹಲ್ಲಿನ ಜಾಗವನ್ನು ನಾಲಿಗೆ ತಡವುವ ಹಾಗೆ.
ಯಾರೋ ಓದೋಕೆ ತಗೊಂಡಿದಾರೆ, ಅಂದೆ.
ಮುಗಿಸಿದ್ರಾ?
ಇನ್ನೂ ಇಲ್ಲ. ಬಾವಿ ಹತ್ರ ಇದಾರೆ.
ಹೂಂ, ಅಂದರು.
ಅಲ್ಲಿ ನಿಧಾನ ಆಯ್ತದೆ. ಹಗ್ಗ ಗಿಡ್ಡ.

ಏಳು ಪುಸ್ತಕದಲ್ಲೂ ಆ ಹಗ್ಗ ಇರಲಿಲ್ಲ.
ರಾತ್ರಿ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ
ಪೆನ್ಸಿಲ್ ಹುಡುಕಿದೆ.